ರುಚಿ ನೋಡುವ ಕೆಲಸ

ಐವತ್ತೆಂಟು ದಾಟಿದ ಮೇಲೆ ನನಗೆ ವೈನು ಕುಡಿಯುವುದು ಬಂದಿದೆ. ಚಟ ಎಂದು ತಿಳಿಯಬೇಡಿ, ಇದು ಕೆಲಸ. ತಿಂಗಳಿಗೊಂದು ಭಾನುವಾರದ ಸಂಜೆ, ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ, ಮೂರು ಮಂದಿ ಗಂಡಸರ ಎದುರು ಸೆರಗು ಸರಿಮಾಡಿಕೊಂಡು ಕುಳಿತು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಅತ್ತಿಂದಿತ್ತ ಹೊರಳಿಸಿ, ಅದು ಹೇಗಿದೆ ಎಂದು ನಮ್ಮವರಿಗೆ ಹೇಳಬೇಕು. ನಮ್ಮವರಿಗೆ ಈಗ ಇರುವುದು ಅರ್ಧ ನಾಲಿಗೆ. ಉಳಿದರ್ಧವನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೆಗೆದರು. ಇದ್ದ ಅರ್ಧದ ರುಚಿಯನ್ನು ಆಮೇಲೆ ಕೊಟ್ಟ ರೇಡಿಯೇಶನ್ನಿನ ಕರೆಂಟು ಸುಟ್ಟಿತು. ಮೂಗು ಮಾತ್ರ ಮೊದಲಿನಷ್ಟೇ ಚುರುಕು. ಹೀಗಾಗಿ ಅವರು ಮೂಸಿ ನೋಡುತ್ತಾರೆ, ನಾನು ಕುಡಿದು ನೋಡುತ್ತೇನೆ, ಇಬ್ಬರೂ ಸೇರಿದರೆ ಒಬ್ಬ ಕುಡುಕನ ಲೆಕ್ಕ. ಯಲಬುರ್ಗಾದ ನನ್ನ ತವರಿನಲ್ಲಿ ಕೆಮ್ಮಿನ ಔಷಧಿಯನ್ನೂ ಅದರಲ್ಲಿ ಏನಾದರೂ ಇದೆಯೋ ಎಂದು ಮೂಸಿ ನೋಡಿಯೇ ಕೊಡುತ್ತಿದ್ದರು. ಮೊದಮೊದಲು ಗ್ಲಾಸು ಎತ್ತುವಾಗ ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡದಂತೆ ಕೂರುತ್ತಿದ್ದೆ. ಈಗ ಎಲ್ಲಿ ಬೇಕಾದರೂ ಕೂರುತ್ತೇನೆ.

ಇದೆಲ್ಲ ಶುರುವಾದದ್ದು ನಮ್ಮವರು ನಿವೃತ್ತರಾಗುವ ಹೊತ್ತಿಗೆ. ತೋಟಗಾರಿಕೆ ಇಲಾಖೆಯ ನೌಕರಿ ಅವರದು. ಕುಷ್ಟಗಿ, ಕನಕಗಿರಿ, ಯಲಬುರ್ಗಾ ಎಂದು ಜಿಲ್ಲೆಯೊಳಗೇ ಸುತ್ತಿ, ದಾಳಿಂಬೆಗೆ ಯಾವ ರೋಗ, ದ್ರಾಕ್ಷಿಗೆ ಯಾವ ಔಷಧಿ ಎಂದು ಹೇಳುತ್ತ ಆಯುಷ್ಯ ಕಳೆದರು. ಕೊನೆಯ ವರ್ಷ ಕುಷ್ಟಗಿ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಕರೆದುಕೊಂಡು ಮಹಾರಾಷ್ಟ್ರಕ್ಕೆ ಪ್ರವಾಸ ಹೋದರು. ರೈತರು ಅಲ್ಲಿಂದ ದ್ರಾಕ್ಷಿ ಕಡ್ಡಿ ತಂದರು, ಇವರು ಎರಡು ಬಾಟಲಿ ವೈನು ಮತ್ತು ಒಂದು ಹುಚ್ಚು ತಂದರು. ಬಂದವರೇ ಕಾಲು ಸಹ ತೊಳೆಯದೆ, “ಗಿರಿಜಾ, ಅಲ್ಲಿ ಮಂದಿ ಕುಡಿಯೂದಿಲ್ಲ, ರುಚಿ ನೋಡ್ತಾರ. ಗಂಡ ಹೆಂಡ್ತಿ ಕೂಡೇ ಬಂದು ಕುಂತು, ಇದರಾಗ ಏನೈತಿ, ಅದರಾಗ ಏನೈತಿ ಅಂತ ಮಾತಾಡ್ತಾರ” ಎಂದರು. “ಕುಡಿಯಾಕ ಏನರೆ ಒಂದು ನೆವ ಬೇಕಲ್ಲ” ಎಂದೆ. “ರುಚಿ ನೋಡಿ ಉಗುಳಿಬಿಡ್ತಾರ” ಎಂದರು. ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವವನನ್ನು ಕುಡುಕ ಎನ್ನಲು ಬರುವುದಿಲ್ಲ, ಹಾಗಾಗಿ ಒಪ್ಪಿದೆ.

ನಿಜ ಹೇಳಬೇಕೆಂದರೆ ನಾನು ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ನಮ್ಮವರ ಎಡಗಡೆಯ ಗಲ್ಲದಲ್ಲಿ ಮದುವೆಯಾದಂದಿನಿಂದ ತಂಬಾಕಿನ ಉಂಡೆಯೊಂದು ಬಾಡಿಗೆಗಿತ್ತು. ಜಗಳವಾಡಿದೆ, ಅತ್ತು ಕರೆದೆ, ದೇವರಿಗೆ ಹರಕೆ ಹೊತ್ತೆ, ಆದರೂ ಅದು ಜಾಗ ಬಿಡಲಿಲ್ಲ. ವೈನಿನ ರುಚಿ ನೋಡುವ ದಿನ ಮಾತ್ರ ತಂಬಾಕು ಹಾಕಿದರೆ ನಾಲಿಗೆ ಮೊಂಡಾಗುತ್ತದೆ ಎಂದು ಬೆಳಗಿನಿಂದಲೇ ಬಾಯಿ ತೊಳೆದುಕೊಂಡು ಕೂರುತ್ತಿದ್ದರು. ನಾನು ಮಾಡಲಾಗದ ಕೆಲಸವನ್ನು ಬಾಟಲಿ ತಿಂಗಳಿಗೊಂದು ದಿನವಾದರೂ ಮಾಡುತ್ತಿತ್ತು. ಅದಕ್ಕೇ ಬಾಟಲಿಗೆ ಮನೆಯೊಳಗೆ ಜಾಗ ಕೊಟ್ಟೆ. ಜಾಗ ಎಂದರೆ ಕುಡಿಯುವ ನೀರಿನ ಮಣ್ಣಿನ ಹರವಿಗೆ ಒದ್ದೆ ಬಟ್ಟೆ ಸುತ್ತಿ ಅದರ ಪಕ್ಕದಲ್ಲಿ. ನಮ್ಮ ಬಿಸಿಲಿಗೆ ವೈನು ಒಂದೇ ವಾರದಲ್ಲಿ ಹುಳಿತು ಉಪ್ಪಿನಕಾಯಿಗೆ ಹಾಕಲು ತಯಾರಾಗುತ್ತದೆ.

ರುಚಿ ನೋಡಲು ಮೂವರು ಸಿಕ್ಕರು. ಪಕ್ಕದ ಓಣಿಯ ಹೊಸಮನಿ ಸರ್ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಸಿದ್ದಾಪುರದ ಸುಬ್ಬಾರಾವ್ ಅವರದು ರೈಸ್ ಮಿಲ್ಲು. ಅವರ ಅಜ್ಜ ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದು ನೆಲೆಸಿದವರು. ಮೂರನೆಯವರು ಖಾಜಾಸಾಬ್, ಡ್ರಿಪ್ ಪೈಪಿನ ಅಂಗಡಿಯವರು. ನಮ್ಮವರೂ ಅವರೂ ಇರಕಲ್ಲಗಡದ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತು ಕಲಿತವರು. ಖಾಜಾಸಾಬ್ ಕುಡಿಯುವವರಲ್ಲ. “ಅದು ಹರಾಮ್ ಇರಬಹುದು, ಗೆಳ್ಯಾನ ಮನಿ ಹರಾಮ್ ಅಲ್ಲ” ಎಂದು ಬಂದು, ದಾಳಿಂಬೆ ರಸ ಹಿಡಿದುಕೊಂಡು ಕೂರುತ್ತಿದ್ದರು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ, ಮೂವರೂ ನನ್ನನ್ನು ಕರೆಯುವುದು ಹಾಗೆಯೇ ಆದ್ದರಿಂದ ಆ ಕುರಿತು ಆಗಬೇಕಾದ ಹಾಸ್ಯವೆಲ್ಲ ಮೊದಲ ಸಂಜೆಯೇ ಆಗಿ ಮುಗಿಯಿತು.

ಆ ಮೊದಲ ಸಂಜೆ ಕೆಟ್ಟದ್ದು ನನ್ನಿಂದ. ನಮ್ಮ ಕಡೆ ಮನೆಗೆ ಕರೆದರೆ ಬಡಿಸಿದರೆ ಸಾಲದು, ಒತ್ತಾಯ ಮಾಡಬೇಕು. ಉಣ್ಣುವವರು ಒಲ್ಲೆ ಎನ್ನಬೇಕು, ತಾಟಿಗೆ ಕೈ ಅಡ್ಡ ಹಿಡಿಯಬೇಕು, ನಾವು ಕೈಸಂದಿಯಲ್ಲಿ ಹೋಳಿಗೆ ತುರುಕಬೇಕು. ಇಲ್ಲದಿದ್ದರೆ ಮನೆಗೆ ಹೋಗಿ ಉಪವಾಸ ಬಂದೆವು ಎನ್ನುತ್ತಾರೆ. ಮಗಳ ಮದುವೆಯಲ್ಲಿ ಉಡುಗೊರೆ ಬಂದಿದ್ದ ಶರಬತ್ತಿನ ಗ್ಲಾಸುಗಳಿಗೆ ನಮ್ಮವರು ತಳ ಮುಚ್ಚುವಷ್ಟು ಹಾಕಿ ಕೊಟ್ಟಿದ್ದರು. ನೋಡಿ ನನಗೆ ನಾಚಿಕೆಯಾಯಿತು. ಬಾಟಲಿ ತೆಗೆದುಕೊಂಡು ಹೊರಟೆ. ಹೊಸಮನಿ ಸರ್ ಗ್ಲಾಸಿನ ಮೇಲೆ ಅಂಗೈ ಮುಚ್ಚಿ “ಸಾಕ್ರಿ ವೈನಿ, ಸಾಕು” ಎಂದರು. ಸಾಕು ಎಂದ ಮೇಲೆ ಹಾಕದಿರಲು ಆಗುತ್ತದೆಯೇ? ಬೆರಳಸಂದಿಯಿಂದ ಸುರಿದೆ. “ಏ ಗಿರಿಜಾ, ಇದು ಬೀಗರ ಊಟ ಅಲ್ಲ” ಎಂದು ನಮ್ಮವರು ಕೂಗುವಷ್ಟರಲ್ಲಿ ಎರಡೂ ಬಾಟಲಿ ಖಾಲಿ. ಸುಬ್ಬಾರಾವ್ ಅಂದು ಸಿದ್ದಾಪುರಕ್ಕೆ ಹೋಗಲಿಲ್ಲ, ನಮ್ಮ ಜಮಖಾನೆಯ ಮೇಲೆಯೇ ಉರುಳಿದರು.

ಉಗುಳುವುದು ಇನ್ನೊಂದು ತಾಪತ್ರಯ. ನಮ್ಮವರು ಅದಕ್ಕೆಂದೇ ಹೊಸ ನೀಲಿ ಬಕೆಟ್ಟು ತಂದು ನಡುವೆ ಇಟ್ಟಿದ್ದರು. ಯಾರೂ ಅದರ ಕಡೆ ನೋಡಲಿಲ್ಲ. “ಮನಿಗೆ ಕರದು ಕೊಟ್ಟದ್ದನ್ನ ಮನಿಯವ್ರ ಮುಂದ ಉಗುಳೂದು ಅಂದ್ರೇನ್ರಿ? ನಮ್ಮಪ್ಪ ಮ್ಯಾಲಿಂದ ನೋಡಾಕತ್ತಿರ್ತಾನ” ಎಂದರು ಹೊಸಮನಿ ಸರ್. ಮಗ ಕುಡಿಯುವುದನ್ನು ಆ ಅಪ್ಪ ನೋಡಿದರೆ ಅಡ್ಡಿಯಿಲ್ಲ, ಉಗುಳುವುದನ್ನು ನೋಡಬಾರದು. ಈ ಕಗ್ಗಂಟು ಬಿಡಿಸಿದವರು ಕುಡಿಯದ ಖಾಜಾಸಾಬ್. ಮುಂದಿನ ತಿಂಗಳು ಅವರು ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ಹಿತ್ತಾಳೆಯ ಪೀಕದಾನಿ ತಂದರು. ಸಣ್ಣ ಸೊಂಟ, ಅಗಲ ಬಾಯಿ, ಮೈತುಂಬ ಬಳ್ಳಿಯ ಕೆತ್ತನೆ. ನಿಜಾಮರ ಕಾಲದಲ್ಲಿ ಯಾವುದೋ ಜಾಗೀರದಾರರ ಕಚೇರಿಯಲ್ಲಿದ್ದ ಅವರ ಮುತ್ತಜ್ಜನ ಆಸ್ತಿಯಲ್ಲಿ ಉಳಿದದ್ದು ಅದೊಂದೇ. “ಇದರಾಗ ಉಗುಳಿದ್ರ ಬೇಮರ್ಯಾದಿ ಅಲ್ರಿ. ಹಿಂದ ಇದರಾಗ ಉಗುಳಾಕ ಅರ್ಜಿ ಹಾಕ್ತಿದ್ರು” ಎಂದರು. ಹೊಸಮನಿ ಸರ್ ಎದ್ದು ನಿಂತು, ಎರಡೂ ಕೈಯಲ್ಲಿ ಪೀಕದಾನಿ ಹಿಡಿದು, ಮೊದಲ ಬಾರಿಗೆ ಉಗುಳಿದರು. ಇತಿಹಾಸದವರಿಗೆ ಹಳೆಯ ಸಾಮಾನು ಕಂಡರೆ ಅಷ್ಟು ಗೌರವ.

ಆದರೆ ರುಚಿ ಹೇಳುವ ವಿಷಯದಲ್ಲಿ ನಮ್ಮವರಿಗೆ ಕೊನೆಯತನಕ ಸಮಾಧಾನವಾಗಲಿಲ್ಲ. ಅವರು ಕಣ್ಣು ಮುಚ್ಚಿ “ಇದರಾಗ ನೇರಳಿಹಣ್ಣೈತಿ, ಹಿಂದಿನಿಂದ ಒಂಚೂರು ಕರಿಮೆಣಸು ಬರತೈತಿ” ಎಂದು ಹೇಳಿ ಎಲ್ಲರ ಮುಖ ನೋಡುತ್ತಿದ್ದರು. ಸುಬ್ಬಾರಾವ್ ಅವರಿಗೆ ಏನು ಕೊಟ್ಟರೂ ಹೊಸ ಗೋಣಿಚೀಲದ ವಾಸನೆ ಬರುತ್ತಿತ್ತು. ಹೊಸಮನಿ ಸರ್ ಎಲ್ಲದಕ್ಕೂ “ಛಲೋ ಐತಿ.” ಕೆಂಪು ಛಲೋ ಐತಿ, ಬಿಳಿ ಛಲೋ ಐತಿ, ಬಿಸಿಲಿಗೆ ಹುಳಿತು ಹೋದದ್ದೂ ಛಲೋ ಐತಿ. “ಖರೇ ಹೇಳ್ರಿ ಸರ್, ಇದು ಕೆಟ್ಟೈತಿ” ಎಂದು ನಮ್ಮವರು ಗೋಗರೆದರೆ, “ಕೊಟ್ಟ ಮನಿಗೆ ಹೆಸರಿಡಬಾರದ್ರಿ” ಎನ್ನುವರು. ಹೆಸರಿಡುವುದು ಎಂದರೆ ನಮ್ಮ ಕಡೆ ಕುಂದು ತೆಗೆಯುವುದು. ಅವರು ಹೋದ ಮೇಲೆ ನಮ್ಮವರು ನನ್ನ ಮುಂದೆ ಉರಿದುಬೀಳುತ್ತಿದ್ದರು: “ಈ ಜಿಲ್ಲಾದಾಗ ಇರೂದು ಒಂದ ಶಬ್ದ. ಹೆಣ ಮಣ್ಣ ಮಾಡಿ ಬಂದೂ ಛಲೋ ಸಾವು ಅಂತಾರ.”

ಅವರಿಗೆ ಆ ಶಬ್ದದ ಮೇಲೆ ಎಂಥ ಸಿಟ್ಟೆಂದರೆ ನನ್ನ ಅಡುಗೆಗೆ ಒಂದು ದಿನವೂ ಅದನ್ನು ಬಳಸಿದವರಲ್ಲ. ಮದುವೆಯಾಗಿ ಬಂದ ಮರುದಿನ ನಾನು ಮಾಡಿದ ಬದನೆಕಾಯಿ ಪಲ್ಯಕ್ಕೆ “ಗುರೆಳ್ಳು ಒಂದು ತಾಸು ಹೆಚ್ಚು ಬಿಸಲಾಗ ಇರಬೇಕಿತ್ತು” ಎಂದವರು, ಆಮೇಲೆ ನಿಲ್ಲಿಸಲಿಲ್ಲ. ಸಾರಿಗೆ ಉಪ್ಪು ಒಂದು ಹರಳು ಕಮ್ಮಿ, ಹೋಳಿಗೆಗೆ ಏಲಕ್ಕಿ ನಿನ್ನೆ ಕುಟ್ಟಿದ್ದು, ರೊಟ್ಟಿಗೆ ನೀರು ಕುದಿ ಬರುವ ಮೊದಲೇ ಹಾಕಿದ್ದು. ಅವರು ಹೇಳಿದ್ದೆಲ್ಲ ಖರೆ ಇರುತ್ತಿತ್ತು, ಅದೇ ನನ್ನ ಸಿಟ್ಟು. ಆ ನಾಲಿಗೆಗೆ ಏನಾದರೂ ಆಗಬಾರದೇ ಎಂದು ರೊಟ್ಟಿ ಬಡಿಯುತ್ತ ಎಷ್ಟು ಸಲ ಅಂದುಕೊಂಡಿದ್ದೇನೋ. ಬಾಯಿಮಾತಿಗೆ ಅಂದದ್ದು. ದೇವರಿಗೆ ಹರಕೆ ಕೇಳಿಸುವುದಿಲ್ಲ, ಇಂಥದ್ದು ಕೇಳಿಸುತ್ತದೆ.

ಹೋದ ವರ್ಷ ಯುಗಾದಿಯ ಸುಮಾರಿಗೆ ಅವರು ಹೆಸರಿಡುವುದನ್ನು ಬಿಟ್ಟರು. ತಾಟು ನೋಡಿ ಸುಮ್ಮನೆ ಉಣ್ಣುತ್ತಿದ್ದರು. ಕೆಂಪು ಖಾರದ ಚಟ್ನಿಯನ್ನು ಬದಿಗೆ ಸರಿಸಿ, ರೊಟ್ಟಿಯನ್ನು ಹಾಲಿನಲ್ಲಿ ಮುರಿದುಕೊಂಡು ನುಂಗುತ್ತಿದ್ದರು. ವಯಸ್ಸಾಯಿತು, ಕೊನೆಗೂ ನನ್ನ ಅಡುಗೆಯ ಮುಂದೆ ಸೋತರು ಎಂದು ನಾನು ತಿಳಿದೆ. ಯಲಬುರ್ಗಾದ ತಂಗಿಗೆ ಫೋನು ಮಾಡಿ “ಈಗ ಏನೂ ಅನ್ನೂದಿಲ್ಲವಾ, ಕೊಟ್ಟದ್ದು ಉಣ್ತಾರ” ಎಂದು ಜಂಬ ಕೊಚ್ಚಿಕೊಂಡೆ. ಅವಳೂ “ಪುಣ್ಯಾ ಮಾಡಿ ಬಿಡಕ್ಕಾ” ಎಂದಳು.

ಅದೇ ಹೊತ್ತಿಗೆ ವೈನಿನ ಸಂಜೆಗಳಲ್ಲಿ ಹೊಸ ಪದ್ಧತಿಯೊಂದು ಶುರುವಾಯಿತು. ಬಾಯಿತುಂಬ ಹೊರಳಿಸಿ ಎಂದು ಎಲ್ಲರಿಗೂ ಕಲಿಸಿದ್ದ ನಮ್ಮವರು ಈಗ ತಲೆಯನ್ನು ಬಲಭುಜದ ಕಡೆ ವಾಲಿಸಿ, ಗುಟುಕನ್ನು ಬಲಗಡೆಯಲ್ಲಿಯೇ ಇಟ್ಟುಕೊಂಡು, ಕಣ್ಣು ಕಿವುಚಿ ಬೇಗ ಉಗುಳುತ್ತಿದ್ದರು. ಹೊಸಮನಿ ಸರ್ ಎರಡು ತಿಂಗಳು ಇದನ್ನು ಗಮನಿಸಿದರು. ಮೂರನೆಯ ತಿಂಗಳು ತಾವೂ ತಲೆ ವಾಲಿಸಿದರು. ಸುಬ್ಬಾರಾವ್ “ಇದು ಹೊಸಾ ಪದ್ಧತಿ ಏನ್ರಿ?” ಎಂದು ಪಿಸುಗುಟ್ಟಿ ಅವರೂ ವಾಲಿದರು. “ಬಲಗಡೆ ರುಚಿ ಹೆಚ್ಚು ತಿಳೀತೈತ್ರಿ” ಎಂದು ಹೊಸಮನಿ ಸರ್ ವಿವರಿಸಿದರು. ನಾನು ಮಿರ್ಚಿ ಭಜಿಯ ತಾಟು ಹಿಡಿದು ಬಂದಾಗ ಮೂವರು ದೊಡ್ಡಮನುಷ್ಯರು ಜಮಖಾನೆಯ ಮೇಲೆ ಒಂದೇ ಕಡೆ ತಲೆ ವಾಲಿಸಿಕೊಂಡು, ಕಣ್ಣು ಕಿವುಚಿಕೊಂಡು ಕೂತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕೆ.

ಹಿಂದಿನಿಂದ ಖಾಜಾಸಾಬ್ ಬಂದು ಬಾಗಿಲಲ್ಲಿ ನಿಂತರು. ಅವರು ನಗುತ್ತಿರಲಿಲ್ಲ. “ವೈನಿ, ಅವ್ರಿಬ್ಬರೂ ನೋಡಿ ಮಾಡ್ತಾರ. ಅವ ಯಾಕ ಹಂಗ ಮಾಡ್ತಾನ? ನೀವು ಅವನ ಬಾಯಿ ನೋಡೀರೇನು?” ಎಂದರು. “ಹಲ್ಲು ತಾಗಿ ಹುಣ್ಣಾಗೇತಿ ಅಂದಿದ್ರು” ಎಂದೆ. “ಯಾವಾಗ?” ಎಂದರು. ನಾನು ನೆನಪಿಸಿಕೊಳ್ಳುತ್ತ ಹೋದಂತೆ ಅದು ಹಿಂದೆ ಹಿಂದೆ ಸರಿಯುತ್ತ ಹೋಯಿತು. ಅತಿಥಿಗಳು ಹೋದ ಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆಗೆಸಿ, ಮೊಬೈಲಿನ ಬೆಳಕು ಬಿಟ್ಟೆ. ನಾಲಿಗೆಯ ಎಡ ಅಂಚಿನಲ್ಲಿ, ಸುತ್ತ ಬಿಳಿ ಕಟ್ಟಿ ನಡುವೆ ಕೆಂಪಗಿದ್ದ ಹುಣ್ಣು. ಮನೆಯಲ್ಲಿಯೇ ಇದ್ದುಕೊಂಡು, ದಿನಕ್ಕೆ ಮೂರು ಹೊತ್ತು ಆ ಬಾಯಿಗೆ ಬಡಿಸಿಕೊಂಡು ಇದ್ದವಳು ನಾನು. ನೋಡಿದ್ದು ದಾಳಿಂಬೆ ರಸ ಕುಡಿಯುತ್ತ ಕೂತವರು.

ಹುಬ್ಬಳ್ಳಿಗೆ ಖಾಜಾಸಾಬರೇ ಕರೆದೊಯ್ದರು. ಎಷ್ಟು ದಿನದಿಂದ ಇದೆ ಎಂದು ಡಾಕ್ಟರು ಕೇಳಿದ್ದಕ್ಕೆ ನಮ್ಮವರು “ಮೊನ್ನಿಯಿಂದರಿ” ಎಂದರು. ಖಾಜಾಸಾಬ್ “ಯುಗಾದಿ ಮೊದಲಿಂದರಿ” ಎಂದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ತಂಬಾಕಿನ ಚಿತ್ರಗಳನ್ನು ನೋಡಿದೆ. ಅಷ್ಟು ಭೀಕರ ಚಿತ್ರಗಳನ್ನು ಊಟದ ಮನೆಯಲ್ಲಿ ಅಂಟಿಸಬೇಕಿತ್ತು ಎಂದು ಹೊಳೆದದ್ದು ಅಲ್ಲಿ ಕೂತಾಗ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಜೊಲ್ಲು ನಿಲ್ಲುತ್ತಿರಲಿಲ್ಲ. ಪ್ಲಾಸ್ಟಿಕ್ ಬೋಗುಣಿ ಇಟ್ಟರೆ ಮುಖ ತಿರುಗಿಸಿದರು. ಪೀಕದಾನಿ ಕೊಡು ಎಂದು ಕೈಸನ್ನೆ ಮಾಡಿದರು. ಮೇಲಿನ ಹಲಗೆಯಲ್ಲಿದ್ದ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹಾಸಿಗೆಯ ಪಕ್ಕದಲ್ಲಿ ಇಟ್ಟೆ. ನೋಡಲು ಬಂದವರೆಲ್ಲ ನಮ್ಮ ಜಿಲ್ಲೆಯ ಆ ಒಂದೇ ಶಬ್ದವನ್ನು ತಂದರು. “ಛಲೋ ಆಗ್ಯಾರ ಬಿಡ್ರಿ”, “ಮಾರಿ ಛಲೋ ಆಗೇತಿ”, “ದವಾಖಾನಿ ಛಲೋ ಐತಂತ.” ಒಬ್ಬೊಬ್ಬರು ಹಾಗೆ ಅಂದಾಗಲೂ ನಮ್ಮವರು ಪೀಕದಾನಿ ಎತ್ತಿ ಅದರಲ್ಲಿ ಉಗುಳುತ್ತಿದ್ದರು. ಜೊಲ್ಲಿಗೋ, ಆ ಮಾತಿಗೋ, ನನಗೂ ತಿಳಿಯಲಿಲ್ಲ. ಕ್ರಮೇಣ ಮಾತು ಬಂತು. ಇಲ್ಲಿ ಅವರ ಮಾತನ್ನು ನೆಟ್ಟಗೆ ಬರೆಯುತ್ತಿರುವವಳು ನಾನು. ನೀವು ಕೇಳಿದರೆ ನಿಮಗೆ ಒಂದಕ್ಷರ ತಿಳಿಯಲಿಕ್ಕಿಲ್ಲ. ನನಗೆ ತಿಳಿಯುತ್ತದೆ. ಅವರು ಬೈಯುವುದನ್ನು ಬಾಯಿ ತೆರೆಯುವ ಮೊದಲೇ ತಿಳಿದುಕೊಂಡು ಬಂದವಳು.

ಹಾಗೆ ತಿಳಿದ ಮೊದಲ ಪೂರ್ತಿ ವಾಕ್ಯ “ಭಾನುವಾರ ಎಲ್ಲಾರನ್ನೂ ಕರಿ” ಎಂಬುದು. ಬಂದರು. ಗೋಡೆಗೆ ಒರಗಿ ಸಾವಿನ ಮನೆಯಲ್ಲಿ ಕೂತಂತೆ ಕೂತರು. ನಮ್ಮವರು ಗ್ಲಾಸು ಮೂಗಿಗೆ ಹಿಡಿದು ಬಹಳ ಹೊತ್ತು ಮೂಸಿ, ಹೊಸಮನಿ ಸರ್ ಕಡೆ ಚಾಚಿದರು. ಅವರು ತಲೆ ಬಗ್ಗಿಸಿದರು. ಸುಬ್ಬಾರಾವ್ “ನನಗ ಆಗೂದಿಲ್ರಿ” ಎಂದು ಎದ್ದು ಬಾಗಿಲ ಹೊರಗೆ ಹೋಗಿ ನಿಂತರು. ಗ್ಲಾಸು ಗಾಳಿಯಲ್ಲಿಯೇ ಒಂದು ಕಡೆ ವಾಲತೊಡಗಿತು. ಚೆಲ್ಲಿದರೆ ಜಮಖಾನೆ ಕಲೆಯಾಗುತ್ತದೆ ಎಂದು ನಾನು ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಹಾಗಾಗಿ ಕುಡಿದೆ.

“ಹೆಂಗೈತಿ?” ಎಂದರು.

“ಛಲೋ ಐತ್ರಿ” ಎಂದೆ.

ಅವರು ಗೋಡೆಯ ಕಡೆ ಹೊರಳಿ ಕೂತರು. ನನಗೆ ಕೆಟ್ಟೆನಿಸಿತು. ಇನ್ನೊಂದು ಗುಟುಕು ಹಾಕಿಕೊಂಡು, ಉಗುಳದೆ, ಬಾಯಿತುಂಬ ಹೊರಳಿಸಿ ನುಂಗಿದೆ. “ಮೊದಲ ಹುಳಿ ಬಂತು. ನಿಂಬಿ ಹುಳಿ ಅಲ್ಲ, ಪುಂಡಿಪಲ್ಲೆದ ಹುಳಿ. ಆಮ್ಯಾಲ ವಗರು, ಎಳೀ ಪ್ಯಾರಲಕಾಯಿ ಕಡದಂಗ. ನುಂಗಿದ ಮ್ಯಾಲ ಬೆಲ್ಲ ಸೀದಂಗ ಆತು.” ಅವರು ತಿರುಗಿದರು. “ಎಷ್ಟ ಸೀದೈತಿ?” “ಪಾಕ ಹೆಚ್ಚಾಗಿ ಶೇಂಗಾ ಚಿಕ್ಕಿ ಕೆಟ್ಟಿತ್ತಲ್ಲ, ನೀವು ಮೂರು ದಿನ ಅಂದಾಡಿದ್ರಿ, ಅಷ್ಟು.” ಕಣ್ಣು ಮುಚ್ಚಿದರು. ಖಾಲಿ ಬಾಯಿಯಲ್ಲಿ ಉಳಿದ ನಾಲಿಗೆಯನ್ನು ಸಾವಕಾಶ ಆಡಿಸಿದರು, ಅಲ್ಲಿ ಏನೋ ಇದ್ದ ಹಾಗೆ. ನನಗೆ ಅಳು ಬಂತು, ಅತ್ತೆ. ಹೊಸಮನಿ ಸರ್ ಕೂಡ ಅತ್ತರು. ಖಾಜಾಸಾಬ್ ದಾಳಿಂಬೆ ರಸ ಮುಗಿಸಿ “ಮುಂದಿನ ತಿಂಗಳ ಬಿಳೀದು ತರ್ತೀನಿ” ಎಂದರು. ಜನ್ಮದಲ್ಲಿ ವೈನ್ ಶಾಪಿನ ಮೆಟ್ಟಿಲು ಹತ್ತದ ಮನುಷ್ಯ ನಮಗಾಗಿ ಹತ್ತಿ ತಂದರು, ದಾರಿಯಲ್ಲಿ ಕಂಡವರಿಗೆ ಪೈಪಿನ ಅಂಟು ಎಂದು ಹೇಳಲು ಬರುವಂತೆ ಕಾಗದ ಸುತ್ತಿಸಿಕೊಂಡು.

ಅಂದಿನಿಂದ ಈ ಕೆಲಸ ನನ್ನದಾಗಿದೆ. ಇತ್ತೀಚೆಗೆ ಅವರ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿದೆ. ಈ ಸಲ ಡಾಕ್ಟರು ಏನೂ ಕೊಯ್ಯುವುದಿಲ್ಲ ಎಂದರು, ಮನೆಯಲ್ಲಿಯೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅದರ ಅರ್ಥ ಇಬ್ಬರಿಗೂ ತಿಳಿಯಿತು. ಈಗ ಅವರಿಗೆ ಇಳಿಯುವುದು ಅಕ್ಕಿಯ ಗಂಜಿ ಮಾತ್ರ. ಎರಡು ಚಮಚ ನುಂಗಿ, ನನ್ನ ಮುಖ ನೋಡಿ, “ಛಲೋ ಐತಿ” ಎನ್ನುತ್ತಾರೆ. ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಮಾತು ಈಗ ದಿನಕ್ಕೆ ಮೂರು ಹೊತ್ತು ಸಿಗುತ್ತದೆ. ಆದರೆ ಒಮ್ಮೆ, ಒಂದೇ ಒಂದು ಸಲ, ಹೆಸರಿಡಲಿ ಎಂದು ಮನಸ್ಸು ಬಯಸುತ್ತದೆ. ಕಳೆದ ಭಾನುವಾರ ಮಧ್ಯಾಹ್ನ ಬೇಕೆಂದೇ ಗಂಜಿಗೆ ಉಪ್ಪು ಹಾಕಲಿಲ್ಲ. ಕೊಟ್ಟೆ. ನುಂಗಿದರು.

“ಛಲೋ ಐತಿ.”

“ಸುಳ್ಳು ಹೇಳಬ್ಯಾಡ್ರಿ. ಉಪ್ಪ ಹಾಕಿಲ್ಲ ನಾನು.”

“ಗೊತ್ತೈತಿ. ಉಪ್ಪಿನ ಡಬ್ಬಿ ತಗದ ಸಪ್ಪಳ ಬರಲಿಲ್ಲ.”

“ಮತ್ತ ಹೇಳಾಕೇನಾಗಿತ್ತು?”

“ಹೊಂಟ ಬೀಗರು ಹೆಸರಿಡಬಾರದು” ಎಂದರು.

ಬಟ್ಟಲು ಕಸಿದುಕೊಂಡು ಅಡುಗೆಮನೆಗೆ ಹೋದೆ. ಅವರಿಗೆ ಕೇಳುವ ಹಾಗೆ ಉಪ್ಪಿನ ಡಬ್ಬಿಯ ಮುಚ್ಚಳ ಬಡಿದು ತೆಗೆದೆ. ಉಪ್ಪು ಹಾಕಿ, ಕಲಸಿ, ಮೇಲೆ ಇನ್ನೊಂದು ಸೌಟು ಸುರಿದುಕೊಂಡು ಬಂದೆ. ಸಾಕು ಎಂದು ಬಟ್ಟಲಿಗೆ ಅಂಗೈ ಅಡ್ಡ ಹಿಡಿದರು. “ಬೀಗರಾದ ಮ್ಯಾಲ ಒತ್ತಾಯ ಇರತೈತಿ. ಅಷ್ಟ ಲಗೂ ಬಿಡೂದಿಲ್ಲ ನಮ್ಮ ಮನ್ಯಾಗ” ಎಂದು ಕೈ ಸರಿಸಿ ಬಾಯಿಗೆ ಹಿಡಿದೆ. ಒಂದು ಚಮಚ ನುಂಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಮೇಲೆ ನೋಡಿದರು, ಹುಬ್ಬು ಗಂಟಿಕ್ಕಿದರು, ಹಳೆಯ ಹಾಗೆಯೇ.

“ಈಗ ಒಂದು ಹರಳು ಹೆಚ್ಚಾತು” ಎಂದರು.

ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದ ಗಂಜಿಗೂ ಅಷ್ಟೇ ಉಪ್ಪು ಹಾಕಿ ಬಾಯಿಗೆ ಹಾಕಿಕೊಂಡೆ. ಈಗ ರುಚಿ ನೋಡುವುದು ನನಗೂ ಬರುತ್ತದಲ್ಲ. ಉಪ್ಪು ಹದವಾಗಿತ್ತು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಈ ಮನುಷ್ಯ ಇಷ್ಟು ವರ್ಷವೂ ನನ್ನ ಅಡುಗೆಗೆ ಸುಮ್ಮಸುಮ್ಮನೇ ಹೆಸರಿಡುತ್ತ ಬಂದಿರಬಹುದೆಂಬ ಅನುಮಾನ ಆಗ ಮೊ​ದಲ ಬಾರಿಗೆ ಬಂತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಸಂಜೆಯ ರುಚಿಗೆಂದು ಹರವಿಯ ಪಕ್ಕದಲ್ಲಿಟ್ಟಿದ್ದ ಬಾಟಲಿ ತೆಗೆದು, ಯಾರೂ ಬರುವ ಮೊದಲೇ, ಸ್ಟೀಲಿನ ಲೋಟಕ್ಕೆ ಅರ್ಧ ಸುರಿದುಕೊಂಡು ನಿಂತಲ್ಲೇ ಕುಡಿದೆ. ಛಲೋ ಇತ್ತು.